ಮುಸುಕುವೀರರ ಟ್ರಂಕು

ಗಾಂಧಿನಗರ, ಬಳ್ಳಾರಿ
೫ ಆಗಸ್ಟ್ ೧೯೭೯

ಲೇ ಗಾದಿಲಿಂಗ,

ಯುಗಾದಿಯಿಂದ ಕಾಗದ ಬರೆದಿಲ್ಲ ಎಂದು ಬೈಯಬೇಡ, ನೀನೂ ಬರೆದಿಲ್ಲ. ರೈಸ್ ಮಿಲ್ಲಿನ ಧಣಿಗೆ ಪುರುಸೊತ್ತಿಲ್ಲ ಸರಿ, ಮಕ್ಕಳಿಗೆ ಬದನೆಕಾಯಿ ಚಿತ್ರ ಬರೆಸುವ ಡ್ರಾಯಿಂಗ್ ಮಾಸ್ತರನಿಗೆ ಏನು ಧಾಡಿ ಎಂದು ಕೇಳುತ್ತೀ. ಅದಕ್ಕೇ ಸುತ್ತು ಬಳಸದೆ ಹೇಳಿಬಿಡುತ್ತೇನೆ, ನಿನ್ನಿಂದ ಒಂದು ಕೆಲಸ ಆಗಬೇಕು.

ಮೊನ್ನೆ ಕೌಲ್ ಬಜಾರಿನ ರದ್ದಿ ಅಂಗಡಿಯಲ್ಲಿ ಹಳೆಯ ಅಮೆರಿಕದ ಕಥಾಪತ್ರಿಕೆ ಇನ್ನೊಂದು ಸಿಕ್ಕಿತು. ಒರಟು ಹಳದಿ ಕಾಗದ, ಅಂಚು ಕತ್ತರಿಸದ ಹಾಳೆ, ಮೇಲೆ ಮಾತ್ರ ಮದುವೆಮನೆಯಂಥ ಬಣ್ಣದ ರಕ್ಷಾಪುಟ. ಯುದ್ಧದ ಕಾಲದಲ್ಲಿ ನಿನ್ನ ಸೋದರಮಾವ ಚಿದಾನಂದಪ್ಪ ಇಲ್ಲಿಯ ಮಿಲಿಟರಿ ಕ್ಯಾಂಪಿಗೆ ಕಾಯಿಪಲ್ಲೆ ಹಾಕುತ್ತಿದ್ದನಲ್ಲ, ಸಿಪಾಯಿಗಳು ಓದಿ ಎಸೆದದ್ದನ್ನು ಬುಟ್ಟಿಯಲ್ಲಿ ಕುರುಗೋಡಿಗೆ ತರುತ್ತಿದ್ದನಲ್ಲ, ಅದೇ ಜಾತಿಯದು. ಆಗ ಒಂದಕ್ಷರ ಇಂಗ್ಲಿಷ್ ಬಾರದ ನಾವಿಬ್ಬರೂ ಚಿತ್ರ ನೋಡಿಯೇ ಕಥೆ ಕಟ್ಟುತ್ತಿದ್ದೆವು.

ಈಗ ನನ್ನ ಕ್ಲಾಸಿನ ಹುಡುಗರು ಪ್ಯಾಂಟಿನ ಮೇಲೆ ಚಡ್ಡಿ ಹಾಕಿದ ಹಾರುವ ಶೂರರನ್ನು ನೋಟ್‌ಬುಕ್ಕಿನ ತುಂಬ ಬರೆಯುತ್ತಾರೆ. ಈ ಶೂರರು ಆಕಾಶದಿಂದ ಉದುರಿದವರು ಎಂದು ಅವರ ನಂಬಿಕೆ. ಅಲ್ಲ. ಚಿತ್ರದ ಪುಸ್ತಕಗಳು ಬರುವ ಮೊದಲೇ ಈ ಅಗ್ಗದ ಕಾಗದದಲ್ಲಿ ಅವರೆಲ್ಲ ಹುಟ್ಟಿಯಾಗಿತ್ತು. ಮುಖಕ್ಕೆ ಮುಸುಕು, ಹಗಲಿಗೊಂದು ಹೆಸರು, ಮರೆಯಲ್ಲಿ ಇನ್ನೊಂದು, ದುಷ್ಟರನ್ನು ಬಿಡೆನೆಂಬ ಆಣೆ, ಎಲ್ಲವೂ. ಅವರ ಉದ್ದ ಕೋಟು ಸರಿಯುತ್ತ ಸರಿಯುತ್ತ ಬೆನ್ನ ಮೇಲಿನ ಹಚ್ಚಡವಾಯಿತು, ಸರ್ಕಸ್ಸಿನ ಪೈಲ್ವಾನನ ಚಡ್ಡಿ ಬಂದು ಸೇರಿತು. ಇದನ್ನು ನಾನು ಒಂದು ಪುಸ್ತಕವಾಗಿ ಬರೆಯುತ್ತಿದ್ದೇನೆ. ನಗಬೇಡ.

ನನಗೆ ಬೇಕಾದದ್ದು ಆ ಪತ್ರಿಕೆಗಳಲ್ಲಿ ನಮ್ಮಿಬ್ಬರ ಮೆಚ್ಚಿನ ಶೂರನಾಗಿದ್ದ ಬೂದು ಮುಸುಕಿನವನ ಕೊನೆಯ ಸಂಚಿಕೆ. ಅದರಲ್ಲಿ ಅವನು ಮುಸುಕು ತೆಗೆಯುತ್ತಾನಂತೆ. ನಾವು ಅದನ್ನು ನೋಡುವ ಮೊದಲೇ ನಿಮ್ಮಜ್ಜಿ ಜಂಬಮ್ಮ ರಕ್ಷಾಪುಟದ ತಲೆಬುರುಡೆ ಕಂಡು, "ಹೆಣದ ಚಿತ್ರ ಮನ್ಯಾಗ ಇರಬಾರ್ದು, ಯಾರನ್ನಾರ ಕರಕೊಂಡೇ ಹೋಗ್ತೈತಿ" ಎಂದು ಎಲ್ಲವನ್ನೂ ಟ್ರಂಕಿಗೆ ತುಂಬಿ ಅಟ್ಟಕ್ಕೆ ಹಾಕಿಸಿದಳು. ಆ ಟ್ರಂಕು ಕುರುಗೋಡಿನ ಮನೆಯಲ್ಲಿ ಇನ್ನೂ ಇದೆಯೇ ನೋಡು.

ಹೋದ ವರ್ಷ ನೀನು ಕಳಿಸಿದ ಆ ಸುದ್ದಿ ಪೇಪರಿನ ಮನುಷ್ಯ ನನ್ನ ಸಂಗ್ರಹ ನೋಡಿ ಮಕ್ಕಳಾಟ ಎಂದು ನಕ್ಕು ಹೋದ. ಇನ್ನೊಮ್ಮೆ ಯಾರನ್ನಾದರೂ ನನ್ನ ಮನೆಗೆ ಕಳಿಸಿದೆಯೋ, ನಿನ್ನ ನನ್ನ ಮಾತು ಅಲ್ಲಿಗೆ ಬಂದ್.

ಮಗಳು ಸುವರ್ಣ ಚೊಚ್ಚಲ ಹೆರಿಗೆಗೆ ಬಂದಿದ್ದಾಳೆ. ಬಾಣಂತಿಗೆ ಮಹಡಿಯ ಕೋಣೆ ಬಿಟ್ಟುಕೊಡಿ ಎಂದು ನಮ್ಮ ಮನೆಯವಳು ದಾಕ್ಷಾಯಣಿ ದಿನಾ ಒಂದೇ ಪಾಠ. ಪುಸ್ತಕಗಳನ್ನು ಎಲ್ಲಿಡಲಿ, ನನ್ನ ತಲೆಯ ಮೇಲೇ? ಆಗುವುದಿಲ್ಲ ಎಂದಿದ್ದೇನೆ.

ನಿನ್ನ
ಹಾಲಸಿದ್ದಪ್ಪ


ಸಿರುಗುಪ್ಪ
೧೪ ಆಗಸ್ಟ್ ೧೯೭೯

ಪ್ರಿಯ ಹಾಲಸಿದ್ದ,

ನಿನ್ನ ಟ್ರಂಕು ಸಿಕ್ಕಿತು, ನನ್ನ ಕಾಲು ಹೋಯಿತು. ಕುರುಗೋಡಿಗೆ ಹೋಗಿ ನಾನೇ ಅಟ್ಟ ಹತ್ತಿದೆ. ಟ್ರಂಕನ್ನು ಕೆಳಗೆ ಕೊಟ್ಟು ಇಳಿಯುವಾಗ ಏಣಿಯ ಮೆಟ್ಟಿಲು ಮುರಿದು ಬಿದ್ದೆ. ಈಗ ತೊಡೆಯವರೆಗೆ ಪ್ಲಾಸ್ಟರು, ಮಂಚವೇ ನನ್ನ ಮಿಲ್ಲು. "ಅಜ್ಜಿ ಹೇಳಿದ್ದು ಸುಳ್ಳಾಗಲಿಲ್ಲ ನೋಡ್ರಿ" ಎಂದು ನನ್ನ ಹೆಂಡತಿ ಬಂದವರಿಗೆಲ್ಲ ಹೇಳುತ್ತಿದ್ದಾಳೆ. ಕಾಲನ್ನಷ್ಟೇ ಕರೆದುಕೊಂಡು ಹೋಯಿತಲ್ಲ, ಅಷ್ಟಕ್ಕೇ ತೃಪ್ತಿಪಡು ಎಂದೆ.

ಒಳಗೆ ಪುಸ್ತಕಗಳು ತುಂಬಿವೆ. ಬೂದು ಮುಸುಕಿನವನೂ ಇದ್ದಾನೆ. ಆದರೆ ಹುಳುವೂ ತುಂಬಿದೆ. ಹಾಳೆ ಬಿಡಿಸಿದರೆ ಹಿಟ್ಟು ಉದುರುತ್ತದೆ. ನಾಳೆ ಮಿಲ್ಲಿನ ಲಾರಿಯಲ್ಲಿ ಟ್ರಂಕನ್ನು ಕಳಿಸುತ್ತೇನೆ. ಜೊತೆಗೆ ಒಂದು ಕೊಳವೆ ಗ್ಯಾಸ್ ಗುಳಿಗೆ ಇಟ್ಟಿದ್ದೇನೆ. ಅಕ್ಕಿ ಚೀಲಕ್ಕೆ ನುಸಿ ಬಿದ್ದರೆ ನಾವು ಹಾಕುವುದು ಇದನ್ನೇ. ಗಾಳಿ ತಾಗಿದರೆ ಹೊಗೆಯಾಗಿ ಎಲ್ಲ ಸಂದಿಗೂ ಹೋಗುತ್ತದೆ, ಒಂದು ಹುಳು ಉಳಿಯುವುದಿಲ್ಲ. ಗೋಡೌನಿಗೆ ನಾವು ಮಾಡುವ ಹಾಗೆಯೇ ಮಾಡು. ಗುಳಿಗೆ ಇಟ್ಟು ಸಂದುಗೊಂದು ಎಲ್ಲ ಮುಚ್ಚು, ಗಾಳಿ ಆಡಬಾರದು. ನಮ್ಮ ಮೇಸ್ತ್ರಿ ದುರುಗಪ್ಪ ಬಾಗಿಲಿಗೆ ಕೆಸರು ಮೆತ್ತಿ ತೆಂಗಿನಕಾಯಿ ಒಡೆಯುತ್ತಾನೆ, ನಿನಗೆ ಅಷ್ಟೆಲ್ಲ ಬೇಕಿಲ್ಲ.

ಬಾಣಂತಿಯ ವಿಷಯದಲ್ಲಿ ತಂಗಿ ದಾಕ್ಷಾಯಣಿಯ ಮಾತೇ ಸರಿ. ಕೋಣೆ ಬಿಟ್ಟುಕೊಡು. ಮೊಮ್ಮಗು ದೊಡ್ಡದೋ, ಹುಳು ತಿಂದ ಕಾಗದ ದೊಡ್ಡದೋ?

ಇನ್ನೊಂದು ವಿಷಯವಿತ್ತು. ಬೇಡ ಬಿಡು, ಆದಮೇಲೆ ಹೇಳುತ್ತೇನೆ, ನೀನೇ ಖುಷಿಪಡುತ್ತೀ.

ನಿನ್ನ
ಗಾದಿಲಿಂಗಪ್ಪ


ಗಾಂಧಿನಗರ, ಬಳ್ಳಾರಿ
೨೦ ಆಗಸ್ಟ್ ೧೯೭೯

ಗಾದಿಲಿಂಗ,

ನಿನ್ನ ಕಾಲಿಗಾಗಿ ಸಂಕಟವಾಯಿತು. ಟ್ರಂಕಿಗಾಗಿ ಆದ ಸಂತೋಷವನ್ನು ಮಾತ್ರ ಬಚ್ಚಿಡಲಾರೆ. ಮುಚ್ಚಳ ತೆಗೆದಾಗ ಚಿದಾನಂದಪ್ಪ ಮಾವನ ನಶ್ಯದ ವಾಸನೆ ಬಂದಂತಾಗಿ ಕಣ್ಣು ತುಂಬಿತು. ಮೇಲಿನ ಪುಸ್ತಕದ ರಕ್ಷಾಪುಟದಲ್ಲಿ ಕೆಂಪು ಬಣ್ಣ ಗೆರೆಯಿಂದ ಆಚೆ ಸರಿದಿದೆ. ಚಿಕ್ಕವರಾಗಿದ್ದಾಗ ಅದನ್ನು ನಾವು ಮುಸುಕಿನವನ ಮೈಯಿಂದ ಬರುವ ಬೆಂಕಿ ಎಂದುಕೊಂಡಿದ್ದೆವು. ಅಚ್ಚಿನವನ ತಪ್ಪು ಅಷ್ಟೇ.

ನೀನು ಹೇಳಿದಂತೆಯೇ ಮಾಡಿದೆ. ಟ್ರಂಕಿನಲ್ಲಿ ಒಂದೆರಡು ಗುಳಿಗೆ ಇಟ್ಟೆ. ಗೋಡೌನಿನ ಹಾಗೆ ಎಂದು ಬರೆದಿದ್ದೆಯಲ್ಲ, ಕೋಣೆಯ ಕಿಟಕಿಗಳಿಗೆಲ್ಲ ಕಾಗದ ಅಂಟಿಸಿದೆ, ಬಾಗಿಲಡಿಯ ಸಂದಿಗೆ ಹಳೆಯ ಪಂಚೆ ತುರುಕಿದೆ. ಶಾಲೆಗೆ ರಜೆ ಬರೆದು ಓದಲು ಕುಳಿತಿದ್ದೇನೆ.

ವಾಸನೆ ಮಾತ್ರ ವಿಚಿತ್ರ. ನನಗೆ ಕೆಟ್ಟ ಬೆಳ್ಳುಳ್ಳಿ ಅನ್ನಿಸಿತು. ದಾಕ್ಷಾಯಣಿ ಮೆಟ್ಟಿಲಲ್ಲೇ ನಿಂತು, "ಏನ್ರೀ ಇದು, ಮೀನಿನ ಓಣ್ಯಾಗ ಬಂದಂಗ ಆಕೈತಿ. ಕೌಲ್ ಬಜಾರಕ್ಕ ಹೋಗಿ ಏನು ತಿಂದು ಬರಾಕತ್ತೀರಿ?" ಎಂದಳು. ಲಿಂಗ ಕಟ್ಟಿದ ಮನೆಯಲ್ಲಿ ಮೀನೆಂದರೆ ಸುಮ್ಮನೆಯೇ? ಆಣೆ ಮಾಡಿದರೂ ನಂಬಲಿಲ್ಲ. ಈಗ ದಿನಾ ಲೋಬಾನದ ಹೊಗೆ ಹಾಕುತ್ತಾಳೆ. ಅದರಲ್ಲಿ ಆ ವಾಸನೆ ಮುಚ್ಚಿಹೋಗಿದೆ.

ಈಗ ಒಂದು ಮಾತು ಕೇಳುತ್ತೇನೆ, ತಮಾಷೆ ಬಿಟ್ಟು ಉತ್ತರ ಕೊಡು. ಟ್ರಂಕು ಬಂದ ಮಾರನೆಯ ದಿನದಿಂದ ಒಬ್ಬ ಮನುಷ್ಯ ನಮ್ಮ ಮನೆಯ ಎದುರು ನಿಲ್ಲುತ್ತಾನೆ. ಬಿಳಿ ಅಂಗಿ, ಬಗಲಲ್ಲಿ ಚೀಲ. ಬರುತ್ತಾನೆ, ಮಹಡಿ ನೋಡುತ್ತಾನೆ, ಹೋಗುತ್ತಾನೆ. ಬಾಗಿಲು ತಟ್ಟುವುದಿಲ್ಲ. ಚಹಾದಂಗಡಿಯವನನ್ನು ವಿಚಾರಿಸಿದೆ. "ತೆಲುಗು ಮಂದಿ ಇದ್ದಂಗದಾನ್ರಿ. ನಿಮ್ಮ ಪುಸ್ತಕದ ಪೆಟ್ಟಿಗಿ ಬಂತೇನು ಅಂತ ಕೇಳಿದ. ಸಿರುಗುಪ್ಪದ ಗಾದಿಲಿಂಗಪ್ಪನೋರು ಹೇಳ್ಯಾರ ಅಂದ" ಎಂದ.

ಟ್ರಂಕಿನ ಸುದ್ದಿ ಅವನಿಗೆ ಹೇಗೆ ಗೊತ್ತು? ಬೊಂಬಾಯಿಯಲ್ಲಿ ಇಂಥ ಹಳೆಯ ಪತ್ರಿಕೆಗಳಿಗಾಗಿ ಕಳ್ಳತನ ಮಾಡಿಸುವವರೂ ಇದ್ದಾರಂತೆ. ನಿಜ ಹೇಳು, ಇವನನ್ನು ನೀನು ಬಲ್ಲೆಯಾ? ನೀನೇ ಕಳಿಸಿದೆಯಾ?

ನಿನ್ನ
ಹಾಲಸಿದ್ದಪ್ಪ


ಸಿರುಗುಪ್ಪ
೨೪ ಆಗಸ್ಟ್ ೧೯೭೯

ಪ್ರಿಯ ಹಾಲಸಿದ್ದ,

ನಿನ್ನ ಕಾಗದ ಓದಿ ಕಾಲಿನ ನೋವು ಮರೆತು ನಕ್ಕೆ. ಮುಸುಕಿನವರ ಕಥೆ ಓದಿ ಓದಿ ಬೀದಿಯಲ್ಲಿ ನಿಂತವರೆಲ್ಲ ನಿನಗೆ ಖಳನಾಯಕರಾಗಿದ್ದಾರೆ. ಅಂಥ ಮನುಷ್ಯ ನನಗೆ ಯಾರೂ ಗೊತ್ತಿಲ್ಲ, ನಾನು ಯಾರನ್ನೂ ಕಳಿಸಿಲ್ಲ. ನನ್ನ ಹೆಸರು ಈ ತಾಲ್ಲೂಕಿನಲ್ಲಿ ಭತ್ತ ಬೆಳೆಯುವ ಯಾರಿಗೆ ತಾನೆ ಗೊತ್ತಿಲ್ಲ? ಅಕಸ್ಮಾತ್ ಅವನು ಬಾಗಿಲು ತಟ್ಟಿದರೆ ಒಳಗೆ ಕರೆದು ಒಂದು ಲೋಟ ಚಹಾ ಕೊಡು, ಯಾರು ಏನೆಂದು ವಿಚಾರಿಸು. ಮನುಷ್ಯ ಮನುಷ್ಯನನ್ನು ತಿನ್ನುವುದಿಲ್ಲ.

ಹುಳು ಸತ್ತವೋ ಇಲ್ಲವೋ ಬರೆಯಲಿಲ್ಲ. ಗುಳಿಗೆಯ ಬಗ್ಗೆ ಅನುಮಾನ ಬೇಡ. ಈ ವಾರ ನಮ್ಮ ಗೋಡೌನು ತೆರೆದಾಗ ಸೂರಿನ ಸಂದಿಯಲ್ಲಿ ಗೂಡು ಕಟ್ಟಿದ್ದ ಪಾರಿವಾಳಗಳೆಲ್ಲ ಚೀಲಗಳ ಮೇಲೆ ಸತ್ತು ಬಿದ್ದಿದ್ದವಂತೆ. ಮೈಮೇಲೆ ಒಂದು ಗಾಯವಿಲ್ಲ. ದುರುಗಪ್ಪ ಬುಟ್ಟಿಯಲ್ಲಿ ತುಂಬಿ ಹೊರಗೆ ಹಾಕಿಸಿದ. ಹಮಾಲರಿಗೆ ಗುಳಿಗೆ ಹಾಕಿದ ವಾರವೆಂದರೆ ಹಬ್ಬ, ಕೆಲಸವಿಲ್ಲದೆ ತಮ್ಮೂರು ಕರೂರಿಗೆ ಹೋಗಿ ಉಂಡು ಮಲಗಿ ಬರುತ್ತಾರೆ.

ಕೋಣೆ ಬಿಟ್ಟುಕೊಟ್ಟೆಯಾ? ಸುವರ್ಣಳ ಸುದ್ದಿ ಬರೆ.

ನಿನ್ನ
ಗಾದಿಲಿಂಗಪ್ಪ


ಗಾಂಧಿನಗರ, ಬಳ್ಳಾರಿ
೩೦ ಆಗಸ್ಟ್ ೧೯೭೯

ಗಾದಿಲಿಂಗ,

ಅಕ್ಷರ ಸೊಟ್ಟಗಿದ್ದರೆ ಸಹಿಸಿಕೋ. ಬದನೆಕಾಯಿಯ ಗೆರೆ ಕೂಡ ಈಗ ನೆಟ್ಟಗೆ ಬರುವುದಿಲ್ಲ, ಕೈ ನಡುಗುತ್ತದೆ. ತಲೆ ಸಿಡಿಯುತ್ತದೆ, ತಿಂದದ್ದು ನಿಲ್ಲುವುದಿಲ್ಲ, ಎದೆಯ ಮೇಲೆ ಯಾರೋ ಅಕ್ಕಿ ಚೀಲ ಇಟ್ಟಂತಿದೆ. ಡಾಕ್ಟರು ಪಿತ್ತ ಎಂದರು, ಸಣ್ಣ ಅಕ್ಷರ ಓದಬೇಡಿ ಎಂದರು. ಪೇಟೆಗೆ ಇಳಿದು ಅಡ್ಡಾಡಿದರೆ ತುಸು ಹಗುರಾಗುತ್ತದೆ, ಮತ್ತೆ ಮೇಲೆ ಬಂದು ಕುಳಿತರೆ ಶುರು. ನನಗೆ ಚಹಾದಂಗಡಿಯವನ ಮೇಲೆ ಸಂಶಯ. ಆ ಮನುಷ್ಯ ಅವನ ಕೈಗೆ ಏನೋ ಕೊಟ್ಟಿರಬೇಕು. ಅಲ್ಲಿಯ ಚಹಾ ಬಿಟ್ಟೆ, ಆದರೂ ಗುಣವಿಲ್ಲ.

ನಿನ್ನ ಕಾಗದ ಬಂದ ದಿನ ನನಗೆ ಎಲ್ಲವೂ ಸ್ಪಷ್ಟವಾಯಿತು. ನಿನಗೆ ಅವನು ಗೊತ್ತಿಲ್ಲ. ಹಾಗಾದರೆ ಅವನು ನಿನ್ನ ಹೆಸರು ಹೇಳಿದ್ದು ನನ್ನ ಬಾಗಿಲು ತೆರೆಸಲಿಕ್ಕೇ. ನಿನ್ನ ಹೆಸರಿಗೆ ನಾನು ಬಾಗಿಲು ತೆರೆಯುತ್ತೇನೆಂದು ಅವನಿಗೆ ಯಾರೋ ಹೇಳಿದ್ದಾರೆ. ಇನ್ನು ಮೇಲೆ ಸಿರುಗುಪ್ಪದ ಹೆಸರು ಹೇಳಿಕೊಂಡು ಯಾರು ಬಂದರೂ ಅಗುಳಿ ತೆಗೆಯುವುದಿಲ್ಲ. ನೀನು ಅಷ್ಟು ಖಚಿತವಾಗಿ ಬರೆಯದಿದ್ದರೆ ನಾನು ಮೋಸಹೋಗುತ್ತಿದ್ದೆ.

ನೀನು ನಗುತ್ತೀ ಎಂದು ಇದುವರೆಗೆ ಹೇಳಿರಲಿಲ್ಲ. ಅವನು ಕಾಣಿಸಿಕೊಂಡ ದಿನದಿಂದ ನಾನು ಈ ಕೋಣೆಯಲ್ಲೇ ಮಲಗುತ್ತಿದ್ದೇನೆ. ಟ್ರಂಕನ್ನು ತಲೆದೆಸೆಗೆ ಇಟ್ಟುಕೊಂಡಿದ್ದೇನೆ. ಊಟವನ್ನೂ ಮೇಲೆಯೇ ತರಿಸಿಕೊಳ್ಳುತ್ತೇನೆ. ದಾಕ್ಷಾಯಣಿ ಬೈದು ಬೈದು ಸುಮ್ಮನಾದಳು. ಸುವರ್ಣಳಿಗೆ ಕೆಳಗಿನ ನಡುಮನೆಯಲ್ಲೇ ಹಾಸಿದ್ದಾಳೆ. ಈ ವಾರದಲ್ಲಿ ನೋವು ಬರಬಹುದು.

ಬೂದು ಮುಸುಕಿನವನ ಕೊನೆಯ ಸಂಚಿಕೆ ಕೈಗೆ ಬಂತು. ಮೆಲ್ಲನೆ ಬಿಡಿಸಿದೆ. ಕಥೆ ಅದೇ, ಅವನು ನ್ಯಾಯಾಧೀಶನ ಮುಂದೆ ನಿಂತು ಮುಸುಕಿಗೆ ಕೈ ಹಾಕುತ್ತಾನೆ. ಹಾಳೆ ತಿರುವಿದರೆ ಜರಡಿ. ಹೆಸರಿದ್ದ ಸಾಲನ್ನೇ ಹುಳು ತಿಂದಿದೆ, ಮತ್ತು ಆ ಹುಳು ನನ್ನ ಕಣ್ಣೆದುರೇ ಜೀವಂತ ಹರಿದಾಡುತ್ತಿತ್ತು. ನಾನು ದಿನಕ್ಕೆ ಹತ್ತು ಸಲ ಮುಚ್ಚಳ ತೆಗೆಯುವುದರಿಂದ ಹೊಗೆ ನಿಲ್ಲುತ್ತಿಲ್ಲವೋ ಏನೋ. ಸಿಟ್ಟು ತಡೆಯಲಾಗದೆ ಅತ್ತುಬಿಟ್ಟೆ. ನಿನ್ನ ಕೊಳವೆಯಲ್ಲಿ ಉಳಿದ ಗುಳಿಗೆಗಳನ್ನು ಜೋಪಾನವಾಗಿ ಇಟ್ಟಿದ್ದೇನೆ. ಈ ಕಾಗದವನ್ನು ಟಪಾಲಿಗೆ ಹಾಕಿ ಬಂದು, ಅವನ್ನೆಲ್ಲ ಟ್ರಂಕಿನಲ್ಲಿ, ಕಪಾಟಿನಲ್ಲಿ, ಹಾಸಿಗೆಯ ಅಡಿಯಲ್ಲಿ ಸುರಿಯುತ್ತೇನೆ. ನಾನು ಎದುರಿಗೇ ಕುಳಿತು ಒಂದೊಂದೂ ಸಾಯುವುದನ್ನು ನೋಡಬೇಕು.

ಕಾಲು ಗುಣವಾದೊಡನೆ ಬಾ. ನಿನ್ನ ದನಿ ನನಗೆ ಗೊತ್ತು, ನಿನಗೆ ಬಾಗಿಲು ತೆರೆಯುತ್ತೇನೆ.

ನಿನ್ನ
ಹಾಲಸಿದ್ದಪ್ಪ


ಸಿರುಗುಪ್ಪ
೨ ಸೆಪ್ಟೆಂಬರ್ ೧೯೭೯, ಭಾನುವಾರ

ಹಾಲಸಿದ್ದ,

ಇದನ್ನು ಓದಿ ಮುಗಿಸುವ ಮೊದಲೇ ಆ ಕೋಣೆಯಿಂದ ಹೊರಗೆ ಬಾ. ಏನನ್ನೂ ಎತ್ತಿಕೊಳ್ಳಬೇಡ. ಬಾಗಿಲು ತೆರೆದಿಟ್ಟು ಕೆಳಗಿಳಿ. ಸುವರ್ಣಳನ್ನೂ ತಂಗಿಯನ್ನೂ ಹೊರಗೆ ಕರೆದುಕೊಂಡು ಹೋಗು. ಆಮೇಲೆ ಓದು.

ಅದು ವಿಷ. ಹುಳುವಿಗೆ ಮಾತ್ರ ಅಲ್ಲ, ಉಸಿರಾಡುವ ಎಲ್ಲಕ್ಕೂ. ನಿನ್ನ ತಲೆನೋವು, ವಾಂತಿ, ಎದೆಯ ಭಾರ, ಎಲ್ಲ ಅದರದ್ದೇ. ಚಹಾದಲ್ಲಿ ಏನೂ ಇಲ್ಲ. ಗುಳಿಗೆ ಹಾಕಿದ ಗೋಡೌನಿಗೆ ನಾವು ಯಾರೂ ಕಾಲಿಡುವುದಿಲ್ಲ, ತೆರೆದ ಮೇಲೂ ಗಾಳಿ ಆಡುವವರೆಗೆ ದೂರ ನಿಲ್ಲುತ್ತೇವೆ. ಇದನ್ನು ಮಿಲ್ಲಿನಲ್ಲಿ ಯಾರೂ ಯಾರಿಗೂ ಹೇಳುವುದಿಲ್ಲ ಕಣೋ. ಗುಳಿಗೆ ಹಾಕಿದ ಮೇಲೆ ಅಲ್ಲಿ ಯಾರಿಗೂ ಕೆಲಸವಿರುವುದಿಲ್ಲ. ಅದರ ಪಕ್ಕದಲ್ಲಿ ಒಬ್ಬ ಹಾಸಿಕೊಂಡು ಮಲಗುತ್ತಾನೆಂದು ನನಗೆ ಹೊಳೆಯಲೇ ಇಲ್ಲ. ಮುಚ್ಚು ಎಂದು ನಾನು ಹೇಳಿದ್ದು ಟ್ರಂಕನ್ನು, ಕೋಣೆಯನ್ನಲ್ಲ.

ನಿನ್ನ ಕಾಗದ ನಿನ್ನೆಯೇ ಮಿಲ್ಲಿಗೆ ಬಂದಿತ್ತಂತೆ. ಮಂಚದಲ್ಲಿರುವವನಿಗೆ ಏನವಸರ ಎಂದು ಗುಮಾಸ್ತ ಈಗ ತಂದುಕೊಟ್ಟ. ತಂತಿ ಕೊಡಿಸೋಣವೆಂದರೆ ಭಾನುವಾರ, ಕಚೇರಿ ಮುಚ್ಚಿದೆ. ಲಾರಿ ಹತ್ತಲು ನಾನೇ ನೋಡಿದೆ, ಇಬ್ಬರು ಎತ್ತಿದರೂ ಪ್ಲಾಸ್ಟರಿನ ಕಾಲು ಒಳಗೆ ಹೋಗಲಿಲ್ಲ. ದುರುಗಪ್ಪ ಊರಿನಲ್ಲಿಲ್ಲ. ಅದಕ್ಕೇ ಹೊಸ ಡ್ರೈವರ್ ಉಚ್ಚೆಂಗೆಪ್ಪನನ್ನು ಓಡಿಸುತ್ತಿದ್ದೇನೆ. ಅವನಿಗೆ ಓದು ಬರುವುದಿಲ್ಲ. ನಿನ್ನ ಕೈಗೇ ಕೊಡಬೇಕು, ನಿನ್ನನ್ನು ಹೊರಗೆ ಕರೆಯಬೇಕು ಎಂದು ಹೇಳಿದ್ದೇನೆ.

ಇನ್ನೊಂದು. ಆ ಬಿಳಿ ಅಂಗಿಯವನನ್ನು ಕಳಿಸಿದ್ದು ನಾನೇ. ಆದೋನಿಯ ರಾಮಪ್ಪ, ಹತ್ತಿ ಜಿನ್ನಿಂಗ್ ಮಿಲ್ಲಿನ ಗುಮಾಸ್ತ. ಮಿಲ್ಲಿನಲ್ಲಿ ಟ್ರಂಕು ತೆರೆದಿದ್ದಾಗ ಬಂದವನು ಪುಸ್ತಕ ನೋಡಿ ಅಲ್ಲೇ ಕುಕ್ಕರಿಸಿ ಕುಳಿತುಬಿಟ್ಟ. ಅವನೂ ನಿನ್ನ ಹಾಗೆಯೇ ಇವನ್ನು ಕೂಡಿಡುವವನು. ನಿನ್ನ ಪುಸ್ತಕದ ವಿಷಯ ಹೇಳಿದರೆ ಕೈಮುಗಿದ. ನಾನು ಕಳಿಸಿದೆನೆಂದು ಗೊತ್ತಾದರೆ ನೀನು ಸಿಟ್ಟಾಗುತ್ತೀ ಎಂದು ನನ್ನ ಹೆಸರು ಹೇಳದಿರಲು ತಿಳಿಸಿದ್ದೆ, ಚಹಾದಂಗಡಿಯಲ್ಲಿ ಬಾಯಿ ಜಾರಿದ್ದಾನೆ. ಪಾಪದವನು, ಬಾಗಿಲು ತಟ್ಟಲೂ ನಾಚಿಕೊಂಡಿದ್ದಾನೆ. ನೀನು ಕೇಳಿದಾಗ ಹೌದು ಎನ್ನಲು ನನಗೆ ಬಾಯಿ ಬರಲಿಲ್ಲ, ಸುಳ್ಳು ಬರೆದೆ. ಬೈದುಕೋ, ಮಾತು ಬಿಡು, ಏನಾದರೂ ಮಾಡು. ಈಗ ಉಚ್ಚೆಂಗೆಪ್ಪನನ್ನು ನಂಬು. ಹೊರಗೆ ಬಾ.

ಗಾದಿಲಿಂಗ


ಗಾಂಧಿನಗರ, ಬಳ್ಳಾರಿ
೧೪ ಸೆಪ್ಟೆಂಬರ್ ೧೯೭೯

ಗಾದಿಲಿಂಗಪ್ಪನವರಿಗೆ,

ನಿಮ್ಮ ಮೇಸ್ತ್ರಿ ದುರುಗಪ್ಪ ದಿನಕರ್ಮಕ್ಕೆ ಬಂದು ಹೋದ. ಏನಾಯಿತೆಂದು ನೀವು ಕೇಳಿ ಕಳಿಸಿದ್ದೀರಿ. ಅವನೆದುರು ಹೇಳಲು ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಶನಿವಾರ ಸುವರ್ಣಳಿಗೆ ನೋವು ಶುರುವಾಯಿತು. ಅವಳನ್ನು ಕರೆದುಕೊಂಡು ನಾನು ಆಸ್ಪತ್ರೆಗೆ ಹೋದೆ. ಇವರನ್ನೂ ಕರೆದೆ. ಮನೆ ಬಿಟ್ಟರೆ ಅವನು ನುಗ್ಗುತ್ತಾನೆ ಎಂದರು. ಮಹಡಿಯ ಬಾಗಿಲ ಹೊರಗೆ ಊಟ ಇಟ್ಟು ಹೋದೆ. ಅದು ಹಾಗೆಯೇ ಇತ್ತು.

ನಿಮ್ಮ ಡ್ರೈವರ್ ಭಾನುವಾರ ಮಧ್ಯಾಹ್ನ ಬಂದು ಹೊರಗಿನ ಮೆಟ್ಟಿಲು ಹತ್ತಿ ಮಹಡಿಯ ಬಾಗಿಲ ಮುಂದೆ ನಿಂತ. ಪಕ್ಕದ ಮನೆಯ ಸಾವಂತ್ರಮ್ಮ ತಮ್ಮ ಮಾಳಿಗೆಯ ಮೇಲೆ ಹಪ್ಪಳ ಕಾಯುತ್ತ ಕುಳಿತಿದ್ದರು. ಎಲ್ಲ ಕೇಳಿಸಿಕೊಂಡಿದ್ದಾರೆ. ಅವರು ಹೇಳಿದಂತೆಯೇ ಬರೆಯುತ್ತೇನೆ.

"ಗಾದಿಲಿಂಗಪ್ಪನೋರು ಕಾಗದ ಕೊಟ್ಟಾರ್ರಿ" ಎಂದು ಡ್ರೈವರ್ ಕೂಗಿದ.

"ಆ ಹೆಸರು ಹೇಳ್ಕೊಂಡು ಮೊದಲೂ ಒಬ್ಬ ಬಂದಿದ್ದ. ಹೋಗಲೇ" ಎಂದರು ಇವರು. ದನಿ ಬಾವಿಯೊಳಗಿಂದ ಬಂದಂತಿತ್ತಂತೆ.

"ಹೊರಗ ಬರ್ರಿ ಅಂತ ಹೇಳ್ಯಾರ್ರಿ. ಕೋಣ್ಯಾಗ ಇರಬಾರ್ದಂತ್ರಿ."

"ನಾ ಹೊರಗ ಬಂದ್ರ ನೀವು ಒಳಗ ಹೋಗಾಕ ಸಲೀಸಾಕೈತಿ, ಹೌದಿಲ್ಲೋ?"

ಅವನು ಕಾಲಿಗೆ ಬಿದ್ದವನಂತೆ ಬೇಡಿಕೊಂಡನಂತೆ. ಕಾಗದವನ್ನು ಬಾಗಿಲ ಕೆಳಗೆ ತೂರಿಸಲು ನೋಡಿದ, ಅಲ್ಲಿ ಪಂಚೆ ತುರುಕಿತ್ತು. ಕೊನೆಗೆ ಬಾಗಿಲಿಗೆ ಹೆಗಲು ಕೊಟ್ಟ. ಒಳಗಿನಿಂದ ಇವರು ಕಪಾಟು ಅಡ್ಡ ತಳ್ಳಿದ ಸದ್ದು ಕೇಳಿ, "ಕಳ್ಳ, ಹಿಡೀರಿ" ಎಂದು ಕೂಗಿದ್ದೂ ಕೇಳಿ, ಓಣಿಯವರು ಓಡಿಬಂದರು. ನಿಮ್ಮ ಡ್ರೈವರನ್ನು ಕೆಳಗೆಳೆದು ಹೊಡೆದರು. ಅವನು ಅಳುತ್ತ ಕಾಗದ ತೋರಿಸಿದರೂ ಬಹಳ ಹೊತ್ತು ಯಾರೂ ನೋಡಲಿಲ್ಲ. ಸಾವಂತ್ರಮ್ಮನ ಯಜಮಾನರು ಪೇಟೆಯಿಂದ ಬಂದು ಓದಿದ ಮೇಲೆ ಬಾಗಿಲು ಒಡೆದರು. ಅಷ್ಟರಲ್ಲಿ ಒಳಗಿನ ಸದ್ದು ನಿಂತಿತ್ತು.

ಇವರನ್ನು ತಂದದ್ದೂ ಅದೇ ಆಸ್ಪತ್ರೆಗೆ. ನಾನು ಮೇಲಿನ ವಾರ್ಡಿನಲ್ಲಿ ಸುವರ್ಣಳ ಕೈ ಹಿಡಿದು ಕುಳಿತಿದ್ದೆ. ಹೆಣ್ಣು ಮಗು. ತಾತನಿಗೆ ಹೇಳಿ ಬರುತ್ತೇನೆಂದು ಇಳಿದು ಬಂದಾಗ ಕೆಳಗಿನ ಪಡಸಾಲೆಯಲ್ಲಿ ಓಣಿಯವರೆಲ್ಲ ನಿಂತಿದ್ದರು. ಯಾರೂ ನನ್ನ ಮುಖ ನೋಡಲಿಲ್ಲ.

ನಿಮ್ಮ ಡ್ರೈವರನ ತಲೆಗೆ ಹೊಲಿಗೆ ಹಾಕಿದ್ದಾರೆ. ಅವನದೇನೂ ತಪ್ಪಿಲ್ಲ, ಅವನನ್ನು ಬೈಯಬೇಡಿ. ಆದೋನಿಯ ರಾಮಪ್ಪನವರು ಬಂದಿದ್ದರು. ಹೊರಗೆ ಜಗುಲಿಯ ಮೇಲೆ ಕುಳಿತು ಚಿಕ್ಕ ಮಕ್ಕಳ ಹಾಗೆ ಅತ್ತರು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ.

ಕೊನೆಗೆ ಏನಾದರೂ ಹೇಳಿದರೇ ಎಂದು ಕೇಳಿದ್ದೀರಿ. ಬಾಗಿಲು ಒಡೆದು ಎತ್ತಿ ತಂದು ಅಂಗಳದಲ್ಲಿ ಮಲಗಿಸಿದಾಗ ಉಸಿರಿತ್ತು. ಧೈರ್ಯ ಬರಲಿ ಎಂದು ಸಾವಂತ್ರಮ್ಮನ ಯಜಮಾನರು ನಿಮ್ಮ ಕಾಗದವನ್ನು ಗಟ್ಟಿಯಾಗಿ ಓದಿ ಹೇಳಿದರಂತೆ, ನೀವೇ ಆ ಬಿಳಿ ಅಂಗಿಯವನನ್ನು ಕಳಿಸಿದ್ದು, ನೀವೇ ಸುಳ್ಳು ಬರೆದದ್ದು, ಎಲ್ಲವನ್ನೂ. ಇವರು ಕಣ್ಣು ಬಿಟ್ಟು ಪೂರ್ತಿ ಕೇಳಿದರಂತೆ. ಆಮೇಲೆ ತಲೆ ಅಲ್ಲಾಡಿಸಿ ಹೇಳಿದ್ದು ಇಷ್ಟೇ:

"ಇದು ಅವನು ಬರದದ್ದಲ್ಲ. ಗಾದಿಲಿಂಗ ನನಗ ಸುಳ್ಳು ಹೇಳಾಂವಲ್ಲ."

ದಾಕ್ಷಾಯಣಮ್ಮ